ಅಮ್ಮನ ಹಸಿರು ಕ್ಯಾಪ್ಸೂಲು: ಈ ವಿಟಮಿನ್ ಇ ಮೈಯೊಳಗೆ ನಿಜಕ್ಕೂ ಎಂತ ಮಾಡ್ತದೆ?

ಅಘನಾಶಿನಿ ದಡ, ಕುಮಟಾ · ಭಾನುವಾರ ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೇನೆ, ದಯವಿಟ್ಟು ಪೂರ್ತಿ ಓದಿ. ನಮ್ಮ ಅಮ್ಮಂಗೆ 68 ವರ್ಷ, ಎದೆಬಡಿತ ಏರುಪೇರಾಗೋ ತೊಂದರೆಗೆ ನಾಲ್ಕು ವರ್ಷದಿಂದ ವಾರ್ಫರಿನ್ ಮಾತ್ರೆ ನಡೀತಾ ಇದೆ, ರಕ್ತ ಹೆಪ್ಪುಗಟ್ಟದೇ ಇರ್ಲಿ ಅಂತ. ತಿಂಗಳಿಗೊಂದು ಸಲ ಐಎನ್ಆರ್ ಟೆಸ್ಟ್ ಮಾಡಿಸ್ತೇವೆ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡೀತದೆ ಅಂತ ನೋಡೋದು, ಅಂಕಿ ಏರಿದಷ್ಟೂ ರಕ್ತ ತೆಳು), ಯಾವಾಗ್ಲೂ 2ರಿಂದ 3ರ ಒಳಗೇ ಇರ್ತಿತ್ತು. ಹೋದ ವಾರ ಹಲ್ಲುಜ್ಜುವಾಗ ವಸಡಿಂದ ರಕ್ತ ಬಂತು ಅಂದ್ರು, ನೋಡಿದ್ರೆ ಮೊಣಕೈ ಹತ್ರ ಅಂಗೈಯಷ್ಟು ಅಗಲ ನೀಲಿ ಕಲೆ, ಎಲ್ಲೂ ಬಡ್ಕೊಂಡಿಲ್ಲ ಅಂತಾರೆ. ಟೆಸ್ಟ್ ಮಾಡಿಸಿದ್ರೆ 4.8.

ಊಟ ಬದಲಾಗಿಲ್ಲ, ಮಾತ್ರೆ ತಪ್ಪಿಲ್ಲ, ಹೊಸ ಔಷಧ ಯಾವ್ದೂ ಇಲ್ಲ. ಕೊನೆಗೆ ಡಾಕ್ಟ್ರು "ಬೇರೆ ಎಂತಾದ್ರೂ ತಗೊಳ್ತಿದ್ದಾರಾ, ಟಾನಿಕ್ಕು, ಕಷಾಯ, ವಿಟಮಿನ್ನು?" ಅಂತ ಕೇಳಿದ್ಮೇಲೆ ಮನೆಲಿ ಹುಡುಕಿದೆ, ದೇವರ ಕೋಣೆ ಕಪಾಟಲ್ಲಿ ಹಸಿರು ಕ್ಯಾಪ್ಸೂಲು ಸಿಕ್ತು, ವಿಟಮಿನ್ ಇ 400. ಕಾಲು ಸೆಳೆತ ಅಂತ ಮೆಡಿಕಲ್ ಶಾಪಲ್ಲಿ ಹೇಳಿದ್ರಂತೆ, ಅವ್ರು ಕೊಟ್ರಂತೆ, ಎರಡು ತಿಂಗಳಿಂದ ಬೆಳಿಗ್ಗೆ ಒಂದು ರಾತ್ರಿ ಒಂದು. "ವಿಟಮಿನ್ ಅಲ್ವನಾ, ಅದೆಂತ ಮಾಡ್ತದೆ" ಅಂದ್ರು ಅಮ್ಮ. ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಡಾಕ್ಟ್ರು ನಿಲ್ಸಿ ಅಂದ್ರು, ನಿಲ್ಸಿದ್ದೇವೆ. ಆದ್ರೆ ಈ ವಿಟಮಿನ್ ಇ ಅಂದ್ರೆ ಎಂತದು, ದೇಹಕ್ಕೆ ಯಾಕೆ ಬೇಕು, ಚರ್ಮಕ್ಕೆ ಕೂದಲಿಗೆ ಅಂತ ಬಿಟ್ರೆ ನನಗೇನೂ ಗೊತ್ತಿಲ್ಲ. ತಿಳಿದವರು ಹೇಳಿ.

ತೋಟದಮನೆ, ಶಿರಸಿ · 10:05

ಅಯ್ಯೋ, ಅಮ್ಮ ಈಗ ಹೇಗಿದ್ದಾರೆ? ಕ್ಯಾಪ್ಸೂಲ್ ಸಿಕ್ಕಿದ್ದು ಒಳ್ಳೇದಾಯ್ತು. ನಮ್ಮನೇಲೂ ಇದೇ ಕ್ಯಾಪ್ಸೂಲಿನ ಕಥೆ ಇದೆ, ನಂತ್ರ ಬರೀತೇನೆ. ಮೊದ್ಲು ತಿಳಿದವ್ರು ಬರೀಲಿ.

ಕಾರವಾರದ ಮೇಷ್ಟ್ರು · 10:51

ಅಘನಾಶಿನಿ ಅವ್ರೇ, ನಾನು ಬಯೋಕೆಮಿಸ್ಟ್ರಿ ಪಾಠ ಮಾಡೋನು, ವೈದ್ಯ ಅಲ್ಲ. ಅಮ್ಮನ ಔಷಧದ ವಿಷಯ ಡಾಕ್ಟ್ರು ಹೇಳಿದ್ದೇ ಕೊನೆ. ವಿಟಮಿನ್ ಕೆಲಸ ಎಂತ ಅಂತ ಮಾತ್ರ ನಾನು ಹೇಳ್ತೇನೆ.

ಮಳೆಗಾಲದಲ್ಲಿ ಶೇಂಗಾ ಡಬ್ಬಿ ಮುಚ್ಚಳ ಸರಿ ಹಾಕದೆ ಬಿಟ್ರೆ ಕಮಟು ವಾಸನೆ ಬರ್ತದಲ್ಲ, ಒಣಮೀನು ಹಳತಾದ್ರೆ ಗಂಟಲು ಕೆರೆಯೋ ಹಾಗೆ ಆಗ್ತದಲ್ಲ, ಅದು ಅದರೊಳಗಿನ ಎಣ್ಣೆ ಗಾಳಿಯ ಆಮ್ಲಜನಕ ತಾಗಿ ಕೆಟ್ಟಿದ್ದು. ನಮ್ಮ ಮೈಯ ಒಂದೊಂದು ಜೀವಕೋಶದ ಸುತ್ತಲೂ ಅಂತದೇ ಎಣ್ಣೆಯ ಪೊರೆ ಇದೆ, ಮೆದುಳಲ್ಲಿ, ನರಗಳಲ್ಲಿ, ಕಣ್ಣಿನ ರೆಟಿನಾದಲ್ಲಿ ಇನ್ನೂ ಜಾಸ್ತಿ. ನಾವು ಉಸಿರಾಡೋ ಆಮ್ಲಜನಕ ಅಲ್ಲೆಲ್ಲಾ ಹೋಗ್ತದೆ, ಮೈ ಬೇರೆ 37 ಡಿಗ್ರಿ ಬೆಚ್ಚಗೆ. ಹಾಗಾದ್ರೆ ನಾವ್ಯಾಕೆ ಒಳಗಿಂದ ಕಮಟೋದಿಲ್ಲ? ಅದನ್ನ ತಡೆಯೋ ವ್ಯವಸ್ಥೆ ಹಲವು ಇದೆ, ಪೊರೆಯ ಕೊಬ್ಬಿನೊಳಗೇ ಕೂತು ತಡೆಯೋದ್ರಲ್ಲಿ ಮುಖ್ಯವಾದ್ದು ವಿಟಮಿನ್ ಇ.

ಹೇಗೆ ತಡೀತದೆ ಅಂದ್ರೆ, ಕೊಬ್ಬಿನ ಒಂದು ಅಣು ಆಮ್ಲಜನಕ ತಾಗಿ ಕೆಟ್ಟು ರ‍್ಯಾಡಿಕಲ್ ಆಯ್ತು ಅಂದ್ಕೊಳ್ಳಿ. ಅದಕ್ಕೆ ಒಂದು ಹೈಡ್ರೋಜನ್ ಕಮ್ಮಿ. ಅದನ್ನ ಪಕ್ಕದ ಅಣುವಿಂದ ಕಿತ್ಕೊಳ್ತದೆ. ಈಗ ಪಕ್ಕದ್ದು ಕೆಟ್ಟಿತು, ಅದು ಅದರ ಪಕ್ಕದ್ದಕ್ಕೆ ಕೈ ಹಾಕ್ತದೆ, ಹೀಗೇ ಸಾಲಾಗಿ ಹೋಗ್ತಾ ಇರ್ತದೆ. ವಿಟಮಿನ್ ಇ ಅಣುವಿಗೆ ಒಂದು ತಲೆ, ಒಂದು ಉದ್ದ ಬಾಲ. ಬಾಲ ಕೊಬ್ಬಿನೊಳಗೆ ಹುದುಗಿರ್ತದೆ, ತಲೆ ಪೊರೆಯ ಮೇಲ್ಮೈ ಹತ್ರ ಇರ್ತದೆ, ತಲೆಲಿ ಸುಲಭಕ್ಕೆ ಬಿಟ್ಟುಕೊಡೋ ಒಂದು ಹೈಡ್ರೋಜನ್. ಕೆಟ್ಟ ಅಣು ಪಕ್ಕದ ಕೊಬ್ಬಿಗೆ ಕೈ ಹಾಕೋ ಮೊದ್ಲೇ ಇದು ತನ್ನದನ್ನ ಕೊಟ್ಟುಬಿಡ್ತದೆ, ಆ ವೇಗ ಸುಮಾರು ಸಾವಿರ ಪಟ್ಟು ಜಾಸ್ತಿ. ಅದಕ್ಕೇ ಸಾವಿರ ಎರಡು ಸಾವಿರ ಕೊಬ್ಬಿನ ಅಣುಗಳ ಮಧ್ಯೆ ಇದು ಒಂದೇ ಒಂದು ಇದ್ರೂ ಸಾಕಾಗ್ತದೆ.

ತೋಟದಮನೆ, ಶಿರಸಿ · 11:14

ಸರ್, ಓದ್ತಾ ಇದ್ದ ಹಾಗೆ ನಮ್ಮ ಅಡಿಕೆ ಕೊಳೆ ನೆನಪಾಯ್ತು. ಒಂದು ಕೊನೆಗೆ ಬಂದ್ರೆ ಪಕ್ಕದ ಕೊನೆ, ಆ ಮರದಿಂದ ಈ ಮರ. ಹಾಗಾದ್ರೆ ವಿಟಮಿನ್ ಇ ನಾವು ಕೊಳೆಗೆ ಹೊಡೆಯೋ ಬೋರ್ಡೋ ಔಷಧಿ ಇದ್ದ ಹಾಗಾ?

ಕಾರವಾರದ ಮೇಷ್ಟ್ರು · 11:26

ಹಬ್ಬೋ ರೀತಿ ಹಾಗೇ ಅಕ್ಕಾ, ಆದ್ರೆ ಬೋರ್ಡೋ ಶಿಲೀಂಧ್ರನ ಸಾಯಿಸ್ತದೆ. ಇದು ಯಾರನ್ನೂ ಸಾಯ್ಸೋದಿಲ್ಲ, ತನ್ನ ಕೈಲಿದ್ದದ್ದು ಕೊಟ್ಟು ತಾನೇ ರ‍್ಯಾಡಿಕಲ್ ಆಗಿಬಿಡ್ತದೆ, ಆದ್ರೆ ಹಾವಳಿ ಮಾಡದ, ಮೆತ್ತಗಿನ ರ‍್ಯಾಡಿಕಲ್. ಆಮೇಲೆ ಪೊರೆಯ ಹೊರಗೆ ನೀರಲ್ಲಿರೋ ವಿಟಮಿನ್ ಸಿ ಬಂದು ಇದಕ್ಕೆ ಹೈಡ್ರೋಜನ್ ಕೊಟ್ಟು ಮತ್ತೆ ಮೊದಲಿನ ಹಾಗೆ ಮಾಡ್ತದೆ. ಮೂರನೆಯವ ಸೆಲೆನಿಯಂ ಇರೋ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅನ್ನೋ ಎಂಜೈಮು, ಕೆಟ್ಟುಹೋದ ಕೊಬ್ಬನ್ನ ನಿರಪಾಯ ಮಾಡೋದು ಇದರ ಕೆಲಸ. ಮೂರೂ ಸೇರಿ ನಡೀಬೇಕು. ಒಂದನ್ನ ಮಾತ್ರ ತಂದು ಸುರಿದ್ರೆ ಲೆಕ್ಕ ಸರಿಯಾಗೋದಿಲ್ಲ.

ಅಂಕೋಲಾ ಕರಿ ಈಶಾಡ · ಸೋಮವಾರ ಬೆಳಿಗ್ಗೆ 6:30

ನಾನು ಬಿಎಸ್ಸಿ ಓದ್ತಿದ್ದೇನೆ. ವಿಟಮಿನ್ ಇ ಅಂದ್ರೆ ಎಂಟು ಬಗೆ ಅಂತ ಓದಿದ್ದೇನೆ, ಆಲ್ಫಾ ಬೀಟಾ ಗಾಮಾ ಡೆಲ್ಟಾ ಟೋಕೋಫೆರಾಲ್ ನಾಲ್ಕು, ಟೋಕೋಟ್ರೈನಾಲ್ ನಾಲ್ಕು. ಎಲ್ಲವೂ ರ‍್ಯಾಡಿಕಲ್ ತಡೀತಾವೆ ಅಂದ್ಮೇಲೆ ಆಲ್ಫಾ ಒಂದನ್ನೇ ಯಾಕೆ ವಿಟಮಿನ್ ಅಂತ ಲೆಕ್ಕ ಹಿಡೀತಾರೆ ಸರ್? ಇದನ್ನ ಪರೀಕ್ಷೇಲಿ ಕೇಳಿದ್ರು, ನಾನು ಬರೆದದ್ದು ಸರಿಯಾ ಅಂತ ಇನ್ನೂ ಅನುಮಾನ.

ಕಾರವಾರದ ಮೇಷ್ಟ್ರು · 7:15

ಒಳ್ಳೇ ಪ್ರಶ್ನೆ ತಂಗಿ. ಆ ಆಯ್ಕೆ ಮಾಡೋದು ಲಿವರ್. ತಿಂದ ಎಣ್ಣೆ ಜೊತೆ ಎಂಟೂ ಬಗೆ ಕರುಳಿಂದ ಒಳಗೆ ಬರ್ತಾವೆ, ಪಿತ್ತರಸ ಇದ್ರೆ ಮಾತ್ರ ಅನ್ನೋದು ಮರೀಬೇಡ, ಇದು ಕೊಬ್ಬಲ್ಲಿ ಕರಗೋ ವಿಟಮಿನ್ನು. ಲಿವರಿಗೆ ಬಂದ್ಮೇಲೆ ಅಲ್ಲಿ ಆಲ್ಫಾ ಟೋಕೋಫೆರಾಲ್ ಟ್ರಾನ್ಸ್‌ಫರ್ ಪ್ರೋಟೀನ್ ಅಂತ ಒಂದಿದೆ, ಅದು ಆಲ್ಫಾನ ಮಾತ್ರ ಕೈಹಿಡಿದು ವಾಪಸ್ ರಕ್ತಕ್ಕೆ ಕಳಿಸ್ತದೆ. ಉಳಿದವನ್ನ ಹೆಚ್ಚಿನಂಶ ಬಾಲ ಕತ್ತರಿಸಿ ಮೂತ್ರಕ್ಕೆ, ಪಿತ್ತಕ್ಕೆ ದಾಟಿಸಿಬಿಡ್ತದೆ. ಅಂಗಡಿಯ ಕ್ಯಾಪ್ಸೂಲಲ್ಲಿರೋ ಸಿಂಥೆಟಿಕ್ ಆಲ್ಫಾದಲ್ಲಿ ಎಂಟು ಬಗೆಯ ಜೋಡಣೆ ಕಲಸಿರ್ತದೆ, ಅದರಲ್ಲಿ ಅರ್ಧವನ್ನ ಮಾತ್ರ ಈ ಪ್ರೋಟೀನ್ ಗುರುತಿಸ್ತದೆ. ಅದಕ್ಕೇ ಸಹಜ ವಿಟಮಿನ್ನಿನ 1 ಯೂನಿಟ್ ಅಂದ್ರೆ 0.67 ಮಿಲಿಗ್ರಾಂ, ಸಿಂಥೆಟಿಕ್ಕಿನದ್ದು 0.45 ಅಂತ ಲೆಕ್ಕ.

ಫಿಸಿಯೋ ಅಕ್ಕ, ಹೊನ್ನಾವರ · 8:40

ಮೇಷ್ಟ್ರು ಹೇಳಿದ ಆ ಪ್ರೋಟೀನಿನ ವಿಷಯಕ್ಕೆ ನಾನು ಸ್ವಲ್ಪ ಸೇರಿಸಬೇಕು, ಯಾಕಂದ್ರೆ ಇದು ನಮ್ಮ ಕೆಲಸಕ್ಕೆ ನೇರ ಸಂಬಂಧ. ಅದನ್ನ ಮಾಡಿಸೋ ಟಿಟಿಪಿಎ ಅನ್ನೋ ಜೀನು ಅಪ್ಪ ಅಮ್ಮ ಇಬ್ಬರಿಂದ್ಲೂ ಕೆಟ್ಟದ್ದೇ ಬಂದ್ರೆ ಮಗುವಿನ ಲಿವರಲ್ಲಿ ಆ ಪ್ರೋಟೀನ್ ಸರಿಯಾಗಿ ಇರೋದಿಲ್ಲ. ಎಷ್ಟೇ ಒಳ್ಳೆ ಊಟ ಮಾಡ್ಲಿ, ರಕ್ತದಲ್ಲಿ ವಿಟಮಿನ್ ಇ ನಿಲ್ಲೋದೇ ಇಲ್ಲ. ಐದು ಹತ್ತು ವರ್ಷ ಮಗು ಚೆನ್ನಾಗೇ ಓಡಾಡಿಕೊಂಡಿರ್ತದೆ, ಆಮೇಲೆ ನಿಧಾನಕ್ಕೆ ನಡಿಗೆ ತೂರಾಡೋಕೆ ಶುರು, ಕಾಲ ಬೆರಳಿಗೆ ಟ್ಯೂನಿಂಗ್ ಫೋರ್ಕ್ ಇಟ್ರೆ ಅದುರೋದು ಗೊತ್ತಾಗೋದಿಲ್ಲ, ಕತ್ತಲೆಯಲ್ಲಿ ನಿಂತ್ರೆ ಬೀಳ್ತದೆ, ಮಾತು ತೊದಲ್ತದೆ. ಉದ್ದದ ನರಗಳು ಮೊದಲು ಸೋಲ್ತಾವೆ. ನೋಡೋಕೆ ಫ್ರೀಡ್ರಿಕ್ ಅಟಾಕ್ಸಿಯಾ ಅನ್ನೋ ಇನ್ನೊಂದು ನರದ ಕಾಯಿಲೆ ತರಾನೇ ಕಾಣ್ತದೆ. ಆದ್ರೆ ಇದಕ್ಕೆ ಮದ್ದಿದೆ, ಬಾಯಲ್ಲಿ ತಗೊಳ್ಳೋ ದೊಡ್ಡ ಡೋಸಿನ ವಿಟಮಿನ್ ಇ, ಜೀವನಪೂರ್ತಿ. ಬೇಗ ಗೊತ್ತಾದ್ರೆ ಮಗು ನಡ್ಕೊಂಡೇ ಇರ್ತದೆ, ತಡವಾದ್ರೆ ಹೋದ ನರ ಪೂರ್ತಿ ವಾಪಸ್ ಬರೋದಿಲ್ಲ. ತುಂಬಾ ಅಪರೂಪದ ಕಾಯಿಲೆ, ಆದ್ರೂ ನಮ್ಮಲ್ಲಿ ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆ ಇರೋ ಮನೆತನಗಳಿವೆ. ಮಗು ತೂರಾಡ್ತಾ ಇದ್ರೆ ವಿಟಮಿನ್ ಇ ಮಟ್ಟ ನೋಡಿ ಅಂತ ನರರೋಗದ ಡಾಕ್ಟ್ರ ಹತ್ರ ಕೇಳೋಕೆ ಹಿಂಜರೀಬೇಡಿ. ಒಂದು ರಕ್ತಪರೀಕ್ಷೆ ಸಾಕು.

ಇನ್ನೊಂದು ಗುಂಪು, ಕೊಬ್ಬು ಜೀರ್ಣ ಆಗದೇ ಇರೋವ್ರು. ಹುಟ್ಟಿನಿಂದ ಪಿತ್ತನಾಳ ಕಟ್ಟಿರೋ ಮಕ್ಕಳು, ಮೈಯೊಳಗಿನ ಲೋಳೆ ಗಟ್ಟಿಯಾಗೋ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ಇರೋವ್ರು. ಅವ್ರಿಗೂ ಕೊರತೆ ಬರ್ತದೆ. ತಿಂಗಳು ತುಂಬದೇ ಹುಟ್ಟಿದ ಕೂಸುಗಳಿಗೆ ಕೆಂಪುರಕ್ತಕಣ ಒಡೆದು ರಕ್ತಹೀನತೆ ಆಗೋದೂ ಇದರಿಂದಲೇ, ಪೊರೆ ಕಾಯೋಕೆ ಬೇಕಾದಷ್ಟು ದಾಸ್ತಾನು ಅವಕ್ಕೆ ಇರೋದಿಲ್ಲ. ಇವ್ರನ್ನ ಬಿಟ್ರೆ ಸಾಮಾನ್ಯ ಊಟ ಮಾಡೋ ದೊಡ್ಡವ್ರಲ್ಲಿ ಕೊರತೆಯ ಲಕ್ಷಣ ಕಾಣೋದು ಬಹಳ ಕಮ್ಮಿ.

ಬನವಾಸಿ ಪಶುವೈದ್ಯ · 1:20

ಮನುಷ್ಯರಲ್ಲಿ ಅಪರೂಪ ಇರಬಹುದು, ಕೊಟ್ಟಿಗೆಲಿ ಅಪರೂಪ ಅಲ್ಲ. ಕರು ಹುಟ್ಟಿ ಎದ್ದು ನಿಲ್ಲೋಕಾಗದೆ, ತೊಡೆ ಗಟ್ಟಿಯಾಗಿ ನಡುಗ್ತಾ ಬಿದ್ದಿರ್ತದೆ, ಸತ್ತ ಕರುವಿನ ಮಾಂಸಖಂಡ ಕೊಯ್ದ್ರೆ ಬೆಳ್ಳಗೆ ಬೆಂದ ಮೀನಿನ ಹಾಗೆ. ವೈಟ್ ಮಸಲ್ ಅಂತೇವೆ, ವಿಟಮಿನ್ ಇ ಮತ್ತು ಸೆಲೆನಿಯಂ ಕೊರತೆ. ಕರು ಹಾಕಿದ್ಮೇಲೆ ಸತ್ತೆ (ಮಾಸು) ಬೀಳದೇ ಇರೋದಕ್ಕೆ ಇರೋ ಹಲವು ಕಾರಣಗಳಲ್ಲಿ ಇದೂ ಒಂದು. ಹಸಿಹುಲ್ಲಲ್ಲಿ ವಿಟಮಿನ್ ಇ ಧಾರಾಳ, ಬಿಸಿಲಿಗೆ ಒಣಗಿ ಗೊಣಬೆಯಲ್ಲಿ ತಿಂಗಳುಗಟ್ಟಲೆ ಕೂತ ಹುಲ್ಲಲ್ಲಿ ಹೆಚ್ಚೇನೂ ಉಳಿದಿರೋದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಬರೀ ಒಣಹುಲ್ಲಿನ ಮೇಲೆ ಗಬ್ಬದ ಹಸು ಇಡಬೇಡಿ, ಸೊಪ್ಪಿನ ಬೆಟ್ಟದಿಂದ ಒಂದು ಹೊರೆ ಹಸಿರು ತನ್ನಿ ಅಂತ ಎಲ್ಲರಿಗೂ ಹೇಳ್ತೇನೆ.

ಮತ್ತೆ ಗಿಣ್ಣ. ಹಸುವಿನ ಹೊಟ್ಟೇಲಿರುವಾಗ ಕರುವಿಗೆ ಈ ವಿಟಮಿನ್ ದಾಟೋದು ಬಹಳ ಕಮ್ಮಿ, ಹುಟ್ಟಿದ್ಮೇಲೆ ಗಿಣ್ಣದ ಹಾಲಲ್ಲೇ ಸಿಗಬೇಕು, ಮುಂದಿನ ಹಾಲಿಗಿಂತ ಗಿಣ್ಣದಲ್ಲಿ ಎಷ್ಟೋ ಪಟ್ಟು ಜಾಸ್ತಿ ಇರ್ತದೆ. ಮೊದಲ ಗಿಣ್ಣ ಮನೆಗೆ ಕರೆಯೋ ಮೊದ್ಲು ಕರುವಿನ ಹೊಟ್ಟೆ ತುಂಬಲಿ. ತಾಯಂದಿರ ಮೊದಲ ಹಾಲೂ ಹಾಗೇ, ಯಾರಾದ್ರೂ ಅದನ್ನ ಹಿಂಡಿ ಚೆಲ್ಲಿ ಅಂತ ಹೇಳಿದ್ರೆ ಕೇಳಬೇಡಿ.

ತೋಟದಮನೆ, ಶಿರಸಿ · 3:02

ಡಾಕ್ಟ್ರೇ, ಗಿಣ್ಣದ ಮಾತು ಓದಿ ಕಣ್ಣಲ್ಲಿ ನೀರು ಬಂತು. ಹೋದ ಬೇಸಿಗೆಲಿ ನಮ್ಮ ಒಂದು ಕರು ಹಾಗೇ ಹೋಯ್ತು, ಕಾರಣ ಗೊತ್ತಾಗಿರ್ಲಿಲ್ಲ. ಇದೇ ಆಗಿರಬೇಕು ಅಂತ ಹೇಳೋಕಾಗಲ್ಲ, ಆದ್ರೆ ಒಣಹುಲ್ಲು ಬಿಟ್ರೆ ಬೇರೆ ಎಂತೂ ಹಾಕಿರ್ಲಿಲ್ಲ ಅನ್ನೋದು ನಿಜ.

ನಮ್ಮ ಕ್ಯಾಪ್ಸೂಲ್ ಕಥೆ ಹೇಳ್ತೇನೆ ಅಂದಿದ್ದೆ. ನಾದಿನಿ ಮಗಳ ಮದುವೆ, ಹದಿನೈದು ದಿನ ಇರುವಾಗ ಮೊಡವೆ ಕಲೆಗೆ ಅಂತ ಇದೇ ಕ್ಯಾಪ್ಸೂಲ್ ಕತ್ತರಿಸಿ ರಾತ್ರಿ ಮುಖಕ್ಕೆ ಹಚ್ಕೊಂಡ್ಳು, ವೀಡಿಯೋದಲ್ಲಿ ನೋಡಿದ್ದಂತೆ. ಐದನೇ ದಿನಕ್ಕೆ ಮುಖವೆಲ್ಲ ಕೆಂಪು, ತುರಿಕೆ, ಕಣ್ರೆಪ್ಪೆ ಊದಿಕೊಂಡು. ಚರ್ಮದ ಡಾಕ್ಟ್ರು ಹೇಳಿದ್ಮೇಲೇ ಗೊತ್ತಾಗಿದ್ದು ಇದು ಅಲರ್ಜಿ ಅಂತ. ಆ ಹುಡುಗಿ ಅತ್ತಿದ್ದು ನೋಡೋಕಾಗ್ತಿರ್ಲಿಲ್ಲ. ಚರ್ಮಕ್ಕೆ ಒಳ್ಳೇದು ಅಂತ ಎಲ್ಲರೂ ಹೇಳೋದು ಸುಳ್ಳಾ ಸರ್?

ಕಾರವಾರದ ಮೇಷ್ಟ್ರು · 4:48

ಪೂರ್ತಿ ಸುಳ್ಳಲ್ಲ. ನಮ್ಮ ಮುಖದ ಜಿಡ್ಡಿನಲ್ಲೇ ದೇಹ ವಿಟಮಿನ್ ಇ ಹೊರಗೆ ಕಳಿಸ್ತಾ ಇರ್ತದೆ, ಅಲ್ಲಿ ಅದಕ್ಕೆ ಕೆಲಸ ಇದೆ. ಆದ್ರೆ ಕ್ಯಾಪ್ಸೂಲೊಳಗೆ ಇರೋದು ಸಾಮಾನ್ಯವಾಗಿ ಟೋಕೋಫೆರಿಲ್ ಅಸಿಟೇಟ್. ಹೈಡ್ರೋಜನ್ ಕೊಡೋ ತಲೆಗೆ ಮುಚ್ಚಳ ಹಾಕಿಟ್ಟ ಹಾಗೆ, ಶೇಖರಣೇಲಿ ಕೆಡದೇ ಇರ್ಲಿ ಅಂತ. ನುಂಗಿದ್ರೆ ಕರುಳಲ್ಲಿ ಎಂಜೈಮು ಆ ಮುಚ್ಚಳ ತೆಗೀತದೆ. ಮುಖದ ಮೇಲೆ ಅದು ತೆಗೆಯೋದು ಬಹಳ ನಿಧಾನ, ಬಹಳ ಕಮ್ಮಿ. 1999ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಆಗಿತ್ತು, ಶಸ್ತ್ರಚಿಕಿತ್ಸೆಯ ಗಾಯದ ಅರ್ಧಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು, ಉಳಿದರ್ಧಕ್ಕೆ ಬರೀ ಮುಲಾಮು. ಹತ್ತರಲ್ಲಿ ಒಂಬತ್ತು ಪಾಲು ಗಾಯದ ಕಲೆಗಳಿಗೆ ಒಂದೋ ಏನೂ ವ್ಯತ್ಯಾಸ ಇಲ್ಲ, ಇಲ್ಲಾ ಇನ್ನೂ ಕೆಟ್ಟದಾಗಿ ಕಂಡಿತು, ಮೂರರಲ್ಲೊಬ್ಬರಿಗೆ ಚರ್ಮ ಕೆರಳಿತು. ನಿಮ್ಮ ಹುಡುಗಿಗೆ ಆದದ್ದೂ ಅದೇ ಇರಬೇಕು.

ತೋಟದಮನೆ, ಶಿರಸಿ · 5:10

ಇದನ್ನ ಅವಳಿಗೆ ಓದಿ ಹೇಳ್ತೇನೆ. ನಮ್ಮ ಅತ್ತೆಯವ್ರು ಹಿಮ್ಮಡಿ ಒಡಕಿಗೆ ಮುರುಗಲ ತುಪ್ಪ ಬಿಟ್ಟು ಬೇರೆ ಹಚ್ಚಿದವ್ರೇ ಅಲ್ಲ, ಆ ಗಟ್ಟಿ ಬಿಳಿ ಉಂಡೆ ಈಗ್ಲೂ ಅಟ್ಟದ ಡಬ್ಬೀಲಿ ಇದೆ.

ಮೆಡಿಕಲ್ ಕೌಂಟರ್ ಹಿಂದಿಂದ · 7:35

ನಾನು ಔಷಧದ ಅಂಗಡೀಲಿ ಕೆಲಸ ಮಾಡೋನು, ನಿಮ್ಮ ಅಮ್ಮಂಗೆ ಕೊಟ್ಟ ಅಂಗಡಿ ಅಲ್ಲ, ಆದ್ರೂ ಓದಿ ಮನಸ್ಸಿಗೆ ಹೊಡೀತು. ದಿನಕ್ಕೆ ಹತ್ತು ಜನ ಆ ಹಸಿರು ಕ್ಯಾಪ್ಸೂಲ್ ಕೇಳ್ಕೊಂಡು ಬರ್ತಾರೆ, ಕೂದಲಿಗೆ, ಮುಖಕ್ಕೆ, ಸೆಳೆತಕ್ಕೆ, ಸುಸ್ತಿಗೆ. ರಶ್ ಇದ್ದಾಗ ನಾವು ಕೊಟ್ಟು ಕಳಿಸ್ತೇವೆ, ಅದು ನಿಜ. ವಾರ್ಫರಿನ್ ತಗೊಳ್ತೀರಾ ಅಂತ ಕೇಳ್ಬೇಕಿತ್ತು, ಕೇಳೋದಿಲ್ಲ. ನಾಳೆಯಿಂದ ನಾನು ಕೇಳ್ತೇನೆ. ಮೇಷ್ಟ್ರೇ, ರಕ್ತ ತೆಳು ಆಗೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಿ, ಗಿರಾಕಿಗಳಿಗೆ ಹೇಳೋಕೆ ಬೇಕು.

ಕಾರವಾರದ ಮೇಷ್ಟ್ರು · 8:50

ನೀವು ಹೀಗೆ ಬರೆದದ್ದು ತುಂಬಾ ದೊಡ್ಡದು ಅಣ್ಣಾ.

ರಕ್ತ ಹೆಪ್ಪುಗಟ್ಟೋಕೆ ಬೇಕಾದ ಕೆಲವು ಪ್ರೋಟೀನುಗಳು ಲಿವರಲ್ಲಿ ವಿಟಮಿನ್ ಕೆ ಇಲ್ಲದೆ ತಯಾರಾಗೋದಿಲ್ಲ. ವಾರ್ಫರಿನ್ ತಡೆಯೋದು ಆ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರೋದನ್ನೇ. ವಿಟಮಿನ್ ಇ ಜಾಸ್ತಿ ಆದಾಗ ಅದರಿಂದ ಹುಟ್ಟೋ ಕ್ವಿನೋನ್ ಅನ್ನೋ ರೂಪ ವಿಟಮಿನ್ ಕೆಯ ಕೆಲಸಕ್ಕೆ ಅಡ್ಡ ಬರ್ತದೆ. ಸಾಲದ್ದಕ್ಕೆ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್ ಅನ್ನೋ ಸಣ್ಣ ಕಣಗಳು ಒಂದಕ್ಕೊಂದು ಅಂಟೋದನ್ನೂ ಕಮ್ಮಿ ಮಾಡ್ತದೆ, ಪ್ರೋಟೀನ್ ಕೈನೇಸ್ ಸಿ ಅನ್ನೋ ಎಂಜೈಮನ್ನ ತಗ್ಗಿಸಿ. ಊಟದಿಂದ ಬರೋ ಪ್ರಮಾಣದಲ್ಲಿ ಇದು ರಕ್ತ ಸರಾಗ ಹರಿಯೋಕೆ ಸಹಾಯವೇ. ದಿನಕ್ಕೆ 800 ಆದ್ರೆ, ಅದೂ ವಾರ್ಫರಿನ್ ಮೇಲೆ, ಎರಡೂ ಕಡೆಯಿಂದ ಒಟ್ಟಿಗೆ ಎಳೆದ ಹಾಗೆ. ಎಲ್ಲರಲ್ಲೂ ಐಎನ್ಆರ್ ಏರೋದಿಲ್ಲ, ಕೆಲವರಲ್ಲಿ ಏರ್ತದೆ, ಸೊಪ್ಪು ಕಮ್ಮಿ ತಿನ್ನೋವ್ರಲ್ಲಿ ಅಪಾಯ ಜಾಸ್ತಿ, ಯಾಕಂದ್ರೆ ವಿಟಮಿನ್ ಕೆ ಸಿಗೋದು ಸೊಪ್ಪಿಂದ.

ದೊಡ್ಡವ್ರಿಗೆ ದಿನಕ್ಕೆ ಬೇಕಾದ್ದು ಅಮೆರಿಕದ ಲೆಕ್ಕದಲ್ಲಿ 15 ಮಿಲಿಗ್ರಾಂ. ಕ್ಯಾಪ್ಸೂಲಲ್ಲಿ 400. ಆ ಅಂತರ ನೋಡಿ.

ಯಲ್ಲಾಪುರ ಜೇನು · 9:12

ಜಾಸ್ತಿ ತಗೊಂಡ್ರೆ ಹೃದಯಕ್ಕೆ, ಕ್ಯಾನ್ಸರ್ ತಡೆಯೋಕೆ ಒಳ್ಳೇದು ಅಂತ ಎಷ್ಟೋ ಕಡೆ ಓದಿದ್ದೇನಲ್ಲ. ಆಂಟಿಆಕ್ಸಿಡೆಂಟ್ ಅಂದ್ರೆ ಒಳ್ಳೇದೇ ಅಲ್ವಾ? ನನ್ನ ತಂದೆಗೆ ಫ್ಯಾಟಿ ಲಿವರ್ ಅಂತ ಡಾಕ್ಟ್ರೇ ಇದನ್ನ ಬರೆದು ಕೊಟ್ಟಿದ್ದಾರೆ, ಈಗ ಇದೆಲ್ಲ ಓದಿ ಭಯ ಆಗ್ತಿದೆ, ನಿಲ್ಲಿಸಬೇಕಾ?

ಕಾರವಾರದ ಮೇಷ್ಟ್ರು · 10:20

ತಂದೆಯವ್ರದ್ದು ನೀವಾಗಿ ನಿಲ್ಲಿಸಬೇಡಿ. ಡಯಾಬಿಟೀಸ್ ಇಲ್ಲದ, ಲಿವರಲ್ಲಿ ಕೊಬ್ಬಿನ ಜೊತೆ ಉರಿಯೂತವೂ ಇರೋ ಜನರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ, ಅದು ಪ್ರಕಟ ಆಗಿದ್ದು 2010ರಲ್ಲಿ, ದಿನಕ್ಕೆ 800 ಯೂನಿಟ್ ಕೊಟ್ಟಾಗ ಲಿವರ್ ಸುಧಾರಿಸಿದ್ದು ಕಂಡಿದೆ. ಡಾಕ್ಟ್ರು ಅದನ್ನ ನೋಡೇ ಬರೆದಿರ್ತಾರೆ. ಎಷ್ಟು ದಿನ, ಯಾವಾಗ ಮತ್ತೆ ಪರೀಕ್ಷೆ ಅಂತ ಅವ್ರ ಹತ್ರ ಕೇಳಿ.

ಉಳಿದದ್ದಕ್ಕೆ ಬಂದ್ರೆ, ಆ ಆಸೆ ವಿಜ್ಞಾನಿಗಳಿಗೂ ಇತ್ತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದೋ 29 ಸಾವಿರ ಗಂಡಸರ ಮೇಲೆ ವರ್ಷಗಟ್ಟಲೆ ನೋಡಿದ್ರು, 1994ರಲ್ಲಿ ಫಲಿತಾಂಶ ಬಂತು, ದಿನಕ್ಕೆ 50 ಮಿಲಿಗ್ರಾಂ ಕೊಟ್ರೂ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗಲಿಲ್ಲ, ಮೆದುಳಲ್ಲಿ ರಕ್ತಸ್ರಾವ ಆಗಿ ಸತ್ತವ್ರು ವಿಟಮಿನ್ ತಗೊಂಡ ಗುಂಪಲ್ಲೇ ಜಾಸ್ತಿ ಕಂಡ್ರು. 2000ದಲ್ಲಿ ಹೋಪ್ ಅನ್ನೋ ಪ್ರಯೋಗ, 400 ಯೂನಿಟ್, ಹೃದಯಾಘಾತ ತಪ್ಪಲಿಲ್ಲ. ಸೆಲೆಕ್ಟ್ ಅನ್ನೋದ್ರಲ್ಲಿ 35 ಸಾವಿರ ಗಂಡಸರು, ಪ್ರಾಸ್ಟೇಟ್ ಕ್ಯಾನ್ಸರ್ ತಡೆಯೋಕೆ ಅಂತಲೇ ಶುರು ಮಾಡಿದ್ದು, 2011ರ ಹೊತ್ತಿಗೆ ನೋಡಿದ್ರೆ ವಿಟಮಿನ್ ಇ ಮಾತ್ರ ತಗೊಂಡವ್ರಲ್ಲಿ ಆ ಕ್ಯಾನ್ಸರ್ 17 ಶೇಕಡಾ ಜಾಸ್ತಿ. ಕಣ್ಣಿನ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತದಲ್ಲಿ ಮಾತ್ರ ವಿಟಮಿನ್ ಸಿ, ಬೀಟಾ ಕೆರೋಟಿನ್, ಸತು ಜೊತೆ ಸೇರಿಸಿ ಕೊಟ್ಟಾಗ ಉಪಯೋಗ ಆಗಿದೆ. ಮೊದಲೇ ಹೇಳಿದ್ನಲ್ಲ, ಇದು ಒಂಟಿಯಾಗಿ ಕೆಲಸ ಮಾಡೋದಲ್ಲ.

ಬಂಗಡೆ ಬುಟ್ಟಿ, ಬೈತಖೋಲ · ಮಂಗಳವಾರ 11:30

ಮೀನಲ್ಲಿ ಇದು ಸಿಗ್ತದಾ ಸರ್? ನಮ್ಮಲ್ಲಿ ಬಂಗಡೆ, ತಾರ್ಲೆ ಇಲ್ಲದೇ ಊಟ ಇಲ್ಲ. ಅಡಿಗೆಗೆ ಕೊಬ್ಬರಿ ಎಣ್ಣೆ.

ಕಾರವಾರದ ಮೇಷ್ಟ್ರು · 12:45

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ಚಂದದ ಭಾಗ. ವಿಟಮಿನ್ ಇ ಮಾಡೋಕೆ ಬರೋದು ಹಸಿರು ಗಿಡ, ಪಾಚಿ, ಅಂತ ಬಿಸಿಲಲ್ಲಿ ಅಡಿಗೆ ಮಾಡ್ಕೊಳ್ಳೋ ಜೀವಿಗಳಿಗೇ. ಪ್ರಾಣಿಗಳಿಗೆ ಬರೋದಿಲ್ಲ. ಸಮುದ್ರದ ಸಣ್ಣ ಸಣ್ಣ ಪ್ಲಾಂಕ್ಟನ್ ಮಾಡ್ತದೆ, ಬಂಗಡೆ ಅದನ್ನ ತಿಂದು ತನ್ನ ಕೊಬ್ಬಲ್ಲಿ ಇಟ್ಕೊಳ್ತದೆ, ನಿಮ್ಮ ತಾಟಿಗೆ ಸ್ವಲ್ಪ ಬರ್ತದೆ. ಆದ್ರೆ ಮೀನಿನ ಒಮೆಗಾ 3 ಕೊಬ್ಬು ಬೇಗ ಕೆಡೋ ಜಾತಿ, ಅದನ್ನ ಕಾಯೋಕೇ ವಿಟಮಿನ್ ಇ ಖರ್ಚಾಗ್ತದೆ. ಕೊಬ್ಬರಿ ಎಣ್ಣೆಲಿ ಇದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಯಾಕಂದ್ರೆ ಅದರ ಕೊಬ್ಬು 90 ಶೇಕಡಾ ಸ್ಯಾಚುರೇಟೆಡ್, ಆಮ್ಲಜನಕಕ್ಕೆ ಸುಲಭಕ್ಕೆ ಬಗ್ಗೋದಿಲ್ಲ, ಕಾವಲು ಅಷ್ಟಾಗಿ ಬೇಡ. ಸೂರ್ಯಕಾಂತಿ ಎಣ್ಣೆ ಸುಲಭಕ್ಕೆ ಕೆಡೋದು, ಅದರಲ್ಲಿ 100 ಗ್ರಾಂಗೆ 41 ಮಿಲಿಗ್ರಾಂ. ಬಾದಾಮಿ 25, ಶೇಂಗಾ 8, ಪಾಲಕ್, ಕೆಸುವಿನ ಎಲೆ ಸುಮಾರು 2. ನಮ್ಮ ಗೋಡಂಬಿ 1 ಕೂಡ ಇಲ್ಲ. ಮಾವಿನಹಣ್ಣೂ ಅಷ್ಟೇ, ಈಶಾಡದ ಹುಡುಗಿ ಬೇಜಾರಾಗಬೇಡ.

ಕೊಬ್ಬರಿ ಎಣ್ಣೆ ಬಿಡಿ ಅಂತ ಹೇಳ್ತಾ ಇಲ್ಲ. ಜೊತೆಗೆ ಒಂದು ಮುಷ್ಟಿ ಶೇಂಗಾ, ಕೆಸುವಿನ ಎಲೆಯ ಪತ್ರೊಡೆ, ಕರಕಲಿ, ಸೊಪ್ಪಿನ ಪಲ್ಯ ಇರ್ಲಿ. ಹಲಸಿನ ಹಪ್ಪಳ ಕರಿದ ಎಣ್ಣೆನ ಮತ್ತೆ ಮತ್ತೆ ಕಾಯಿಸಬೇಡಿ, ಅದರಲ್ಲಿದ್ದ ವಿಟಮಿನ್ ಇ ಹೋಗಿ ಕೆಟ್ಟ ಕೊಬ್ಬು ಮಾತ್ರ ಉಳೀತದೆ.

ಅಂಕೋಲಾ ಕರಿ ಈಶಾಡ · 1:15

ಬೇಜಾರಿಲ್ಲ ಸರ್, ನಮ್ಮ ಈಶಾಡ ರುಚಿಗೆ. ಇದನ್ನ ಕಂಡುಹಿಡಿದದ್ದೂ ಕೆಟ್ಟ ಕೊಬ್ಬಿಂದಲೇ ಅಂತ ಓದಿದ ನೆನಪು?

ಕಾರವಾರದ ಮೇಷ್ಟ್ರು · 2:00

ಹೌದು. 1922, ಕ್ಯಾಲಿಫೋರ್ನಿಯಾದ ಬರ್ಕ್ಲಿ. ಹರ್ಬರ್ಟ್ ಇವಾನ್ಸ್, ಕ್ಯಾಥರೀನ್ ಬಿಷಪ್ ಅಂತ ಇಬ್ಬರು. ಇಲಿಗಳಿಗೆ ಹಂದಿ ಕೊಬ್ಬು ಹಾಕಿದ ಆಹಾರ ಕೊಡ್ತಿದ್ರು, ಇಲಿಗಳು ಚೆನ್ನಾಗೇ ಬೆಳೀತಿದ್ವು, ಬಸಿರೂ ಆಗ್ತಿದ್ವು, ಆದ್ರೆ ಮರಿ ಹೊಟ್ಟೆಯಲ್ಲೇ ಕರಗಿ ಹೋಗ್ತಿತ್ತು. ಲೆಟ್ಯೂಸ್ ಸೊಪ್ಪು ಕೊಟ್ಟಾಗ ಮರಿ ಹಾಕಿದ್ವು, ಆಮೇಲೆ ಗೋಧಿ ಮೊಳಕೆಯ ಭಾಗ ಕೊಟ್ಟಾಗ್ಲೂ. 1936ರಲ್ಲಿ ಗೋಧಿ ಮೊಳಕೆ ಎಣ್ಣೆಯಿಂದ ಶುದ್ಧ ಮಾಡಿ ಟೋಕೋಫೆರಾಲ್ ಅಂತ ಹೆಸರಿಟ್ರು, ಗ್ರೀಕ್ ಭಾಷೇಲಿ ಟೋಕೋಸ್ ಅಂದ್ರೆ ಹೆರಿಗೆ. ಅದನ್ನೇ ಹಿಡ್ಕೊಂಡು ಗರ್ಭ ನಿಲ್ಲೋಕೆ ಅಂತ ಈ ಕ್ಯಾಪ್ಸೂಲ್ ತಗೊಳ್ಳೋವ್ರು ಇದ್ದಾರೆ. ಇಲಿಯಲ್ಲಿ ಆದ ಹಾಗೆ ಮನುಷ್ಯರಲ್ಲಿ ಗರ್ಭಪಾತ ತಡೀತದೆ ಅಂತ ಸಾಬೀತಾಗಿಲ್ಲ. ಮಗು ಕಳ್ಕೊಂಡು ನೊಂದವ್ರಿಗೆ ಆ ಆಸೆ ಹುಟ್ಟಿಸಿ ಮಾರೋದು ತಪ್ಪು ಅಂತ ನನ್ನ ಅಭಿಪ್ರಾಯ.

ಅಘನಾಶಿನಿ ದಡ, ಕುಮಟಾ · ಮುಂದಿನ ಸೋಮವಾರ ರಾತ್ರಿ 8:30

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಇವತ್ತು ರಿಪೋರ್ಟ್ ಬಂತು, 2.7. ಡಾಕ್ಟ್ರು ವಾರ್ಫರಿನ್ ಎರಡು ದಿನ ನಿಲ್ಲಿಸಿ ಮತ್ತೆ ಹಳೇ ಡೋಸಿಗೇ ತಂದ್ರು, ಎರಡು ವಾರ ಬಿಟ್ಟು ಮತ್ತೆ ಟೆಸ್ಟ್. ಕೈಯ ನೀಲಿ ಕಲೆ ಹಳದಿಗೆ ತಿರುಗಿದೆ. ಕಾಲು ಸೆಳೆತ ಹಾಗೇ ಇದೆ, ಅದಕ್ಕೆ ಬೇರೆ ಕಾರಣ ಹುಡುಕ್ತಿದ್ದಾರೆ.

ನಿಮ್ಮೆಲ್ಲರ ಮಾತನ್ನ ಅಮ್ಮಂಗೆ ಒಂದೊಂದಾಗಿ ಓದಿ ಹೇಳಿದೆ. ಶೇಂಗಾ ಕಮಟೋ ಉದಾಹರಣೆ ತಟ್ಟನೆ ಅರ್ಥ ಆಯ್ತು ಅವ್ರಿಗೆ, "ಮತ್ತೆ ಅದನ್ನ ಮೊದ್ಲೇ ಹೀಗೆ ಹೇಳೋದಲ್ವಾ" ಅಂದ್ರು. ಉಳಿದ ಕ್ಯಾಪ್ಸೂಲ್ ಶಿರಸಿ ಅಕ್ಕನ ಕಥೆ ಕೇಳಿದ್ಮೇಲೆ ತಾವೇ ತಂದು ನನ್ನ ಕೈಗೆ ಕೊಟ್ರು, ಸೊಸೆ ಮುಖಕ್ಕೆ ಹಚ್ಕೊಂಡಾಳು ಅಂತ. ಸೊಪ್ಪು ಒಮ್ಮೆಲೇ ಜಾಸ್ತಿ ಮಾಡಬೇಡಿ, ವಾರ್ಫರಿನ್ ಇರೋದ್ರಿಂದ ದಿನಾ ಒಂದೇ ಅಳತೇಲಿ ಇರ್ಲಿ ಅಂತ ಡಾಕ್ಟ್ರು ಹೇಳಿದ್ದಾರೆ, ಹಾಗಾಗಿ ಪತ್ರೊಡೆ ಮಾಡಿದ ದಿನ ಅಮ್ಮಂಗೆ ಎರಡೇ ತುಂಡು.

ಮೆಡಿಕಲ್ ಕೌಂಟರ್ ಹಿಂದಿಂದ · 9:05

ತುಂಬಾ ಸಂತೋಷ ಆಯ್ತು. ನಮ್ಮ ಕೌಂಟರಲ್ಲಿ ಈ ವಾರ ಕೇಳಿದವ್ರಲ್ಲಿ ಇಬ್ಬರು ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾ ಇದ್ರು. ಡಾಕ್ಟ್ರನ್ನ ಕೇಳಿ ಬನ್ನಿ ಅಂತ ವಾಪಸ್ ಕಳಿಸಿದ್ದೇನೆ.